ಮುನಿಕೆಂಪಮ್ಮನ ಕೈಗೆಟಕುವ ಬಾಗಿಲುಗಳು

ಕೊಡಿಗೇಹಳ್ಳಿಯ ಹಳೇ ಊರಿನ ಓಣಿಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಮುನಿಕೆಂಪಮ್ಮ ಹೊಸಿಲಿಗೆ ನೀರು ಚಿಮುಕಿಸಿ, ಅವಸರದಲ್ಲೇ ನಾಲ್ಕೆಳೆ ರಂಗೋಲಿ ಎಳೆದು, ಚೀಲ ತುಂಬಿಕೊಳ್ಳಲು ಕೂರುತ್ತಾರೆ. ಹಳೇ ಪಂಚೆ ಹರಿದು ಮಾಡಿದ ಬಟ್ಟೆ ತುಂಡುಗಳು, ಕೊಬ್ಬರಿ ಎಣ್ಣೆಯ ಸೀಸೆ, ಡಬ್ಬಿಯಲ್ಲಿ ಕಡಲೆಹಿಟ್ಟು, ಸಂದುಗೊಂದಿಗೆಂದು ಕೂದಲು ಸವೆದ ಒಂದು ಟೂತ್‌ಬ್ರಷ್ಷು. ದಿನಾ ಇವುಗಳ ಜೊತೆಗೆ ಒಂದು ಪ್ಲಾಸ್ಟಿಕ್ ಸ್ಟೂಲೂ ಹಗ್ಗ ಕಟ್ಟಿಸಿಕೊಂಡು ಅವರ ಹೆಗಲೇರುತ್ತದೆ. "ಏನಜ್ಜಿ, ಸೀಟು ಮನೆಯಿಂದಾನೇ ತಂದ್ಬಿಟ್ರಾ?" ಎಂದು ಬಸ್ಸಿನ ಕಂಡಕ್ಟರ್ ರೇಗಿಸುವುದುಂಟು. ಮೊನ್ನೆಯಿಂದ ಮಾತ್ರ ಅದಕ್ಕೆ ರಜೆ, ಇವತ್ತೂ ಅವರು ಸ್ಟೂಲನ್ನು ಮುಟ್ಟಿ ನೋಡಿ, ಮತ್ತೆ ಗೋಡೆಗೇ ಒರಗಿಸುತ್ತಾರೆ.

"ಇವತ್ತು ಓಗೋ ಮನೆಗೆ ಅದು ಬ್ಯಾಡ" ಎನ್ನುತ್ತಾರೆ. ಯಾಕೆಂದು ಕೇಳಿದರೆ ಸೆರಗಿನಿಂದ ಮುಖ ಒರೆಸಿಕೊಂಡು ಬೀಗ ಹಾಕುತ್ತಾರೆ.

ಮುನಿಕೆಂಪಮ್ಮನ ಕಸುಬಿಗೆ ಹೆಸರಿಲ್ಲ. ಅಡುಗೆಮನೆಯ ಕಪಾಟುಗಳ ಬಾಗಿಲಿಗೆ ವರ್ಷಗಟ್ಟಲೆ ಅಂಟಿದ ಜಿಡ್ಡು ತೆಗೆಯುವುದು ಅವರ ಕೆಲಸ. ಒಗ್ಗರಣೆಯ ಹೊಗೆ, ಕರಿದ ಎಣ್ಣೆಯ ಆವಿ, ಹಿಟ್ಟಿನ ಕೈಯಲ್ಲೇ ಹಿಡಿ ಎಳೆದ ಗುರುತು, ಎಲ್ಲ ಸೇರಿ ಮರದ ಮೇಲೆ ಬೆಲ್ಲದ ಪಾಕದ ಹಾಗೆ ಕೂತುಬಿಟ್ಟಿರುತ್ತದೆ. ಮನೆಯವರು ಸ್ಟೀಲ್ ನಾರು ಹಿಡಿದು ಉಜ್ಜಿ, ಜಿಡ್ಡಿನ ಜೊತೆ ಬಣ್ಣವನ್ನೂ ಕಳೆದುಕೊಂಡ ಮೇಲೆ ಇವರ ನೆನಪಾಗುತ್ತದೆ. ಹೆಬ್ಬಾಳ, ಆರ್.ಟಿ. ನಗರ, ಯಲಹಂಕದ ಮನೆಗಳಲ್ಲಿ ಒಬ್ಬರಿಂದ ಒಬ್ಬರಿಗೆ ಫೋನ್ ನಂಬರ್ ದಾಟಿ, ಹಬ್ಬಗಳ ಮುಂಚೆ ಇವರಿಗೆ ಕೈ ಬಿಡುವಿರುವುದಿಲ್ಲ.

"ತಲೆಗೆ ಎಣ್ಣೆ ನೀರು ಆಕ್ಕೊಳಲ್ವಾ, ಅಂಗೇನೇ ಇದೂ" ಎಂದು ಅವರು ತಮ್ಮ ವಿದ್ಯೆಯನ್ನು ಎರಡು ಮಾತಿನಲ್ಲಿ ಮುಗಿಸುತ್ತಾರೆ. "ಮೊದ್ಲು ಎಣ್ಣೆ ಸವರಿ ನೆನೆಯಾಕೆ ಬಿಡ್ಬೇಕು. ಆಮ್ಯಾಕೆ ಕಡ್ಲೆಹಿಟ್ಟು. ಅದೇ ಜಿಡ್ಡನ್ನ ಈರ್ಕೋತದೆ. ನಾವು ತಿಕ್ಕಂಗಿಲ್ಲ, ಕಾಯ್ಬೇಕು ಅಷ್ಟೆ." ಸನ್‌ಮೈಕಾ ಬಾಗಿಲಾದರೆ ಉಗುರುಬೆಚ್ಚಗಿನ ನೀರಿಗೆ ಒಂದು ತೊಟ್ಟು ಸೋಪು ಸಾಕು. ಪಾಲಿಶ್ ಮಾಡಿದ ಮರಕ್ಕೆ ಸೋಡಾಪುಡಿ ಸೋಕಿಸುವಂತಿಲ್ಲ, ಸೋಕಿದರೆ ಬಿಳಿಚಿಕೊಳ್ಳುತ್ತದೆ. ಯಾವುದನ್ನು ಹಚ್ಚುವುದಿದ್ದರೂ ಮೊದಲು ಬಾಗಿಲಿನ ಒಳಮಗ್ಗುಲಲ್ಲಿ, ಕೀಲಿನ ಹತ್ತಿರ, ಬೆರಳಗಲ ಹಚ್ಚಿ ನೋಡುತ್ತಾರೆ. ಆಮೇಲೆ ಮರದ ಗೆರೆ ಹೋದ ಕಡೆಗೇ ಕೈ ಆಡಿಸಿ, ಹಸಿ ಉಳಿಯದ ಹಾಗೆ ಒಣಬಟ್ಟೆಯಲ್ಲಿ ಒರೆಸುತ್ತಾರೆ.

ಮರದ ಗುಣ ಹೇಳಿಕೊಟ್ಟವರು ಗಂಡ ಚಿಕ್ಕಮಾರಯ್ಯ. ಯಶವಂತಪುರದ ಮರದ ಡಿಪೋದಲ್ಲಿ ದಿಮ್ಮಿ ಹೊರುತ್ತ ಹೊರುತ್ತ ಬಡಗಿಯಾದವರು. ಈ ಕಡೆಯ ಬಡಾವಣೆಗಳು ಮೇಲೇಳುತ್ತಿದ್ದ ಕಾಲಕ್ಕೆ ಬೇಕಾದಷ್ಟು ಅಡುಗೆಮನೆಗಳಿಗೆ ತೇಗದ ಕಪಾಟು ಕೂರಿಸಿದರು. ಕೈ ಕೆಲಸದಲ್ಲಿ ಎತ್ತಿದ ಕೈ. ಆದರೆ ಒಂದು ತಪ್ಪನ್ನು ಮಾತ್ರ ಜೀವಮಾನವಿಡೀ ಬಿಡದೆ ಮಾಡಿದರು.

ಮದುವೆಯಾದ ಹೊಸತು. ಮೇಲಿನ ಸಾಲಿನ ಕಪಾಟು ಎಷ್ಟು ಎತ್ತರಕ್ಕಿರಬೇಕೆಂದು ಕೇಳಲು ಆ ಮನೆಯ ಯಜಮಾನಿ ಊರಲ್ಲಿರಲಿಲ್ಲ. ಬುತ್ತಿ ತಂದ ಹೆಂಡತಿಯನ್ನೇ ಗೋಡೆಗೆ ನಿಲ್ಲಿಸಿ "ಕೈ ಎತ್ತು" ಎಂದರಂತೆ ಚಿಕ್ಕಮಾರಯ್ಯ. ಬೆರಳು ಮುಟ್ಟಿದ ಕಡೆ ಪೆನ್ಸಿಲ್ ಗೆರೆ ಬಿತ್ತು, ಅಲ್ಲಿಗೆ ಬಾಗಿಲಿನ ಹಿಡಿ ಬಂತು. ಅಲ್ಲಿಂದ ಮುಂದೆ ಮೇಲಿನ ಸಾಲಿಗೆ ಅವರು ಟೇಪು ಹಿಡಿದದ್ದೇ ಇಲ್ಲ. ಆ ಗೆರೆಯನ್ನು ಒಂದು ಮರದ ಪಟ್ಟಿಗೆ ಇಳಿಸಿಕೊಂಡು ಮನೆಮನೆಗೂ ಒಯ್ದರು. ಮುನಿಕೆಂಪಮ್ಮನೋ ಕುಳ್ಳಗಿನ ಹೆಂಗಸು, ಐದಡಿಗೆ ನಾಲ್ಕು ಬೆರಳು ಕಡಿಮೆ.

"ಅಡ್ಗೆ ಮಾಡೋ ಎಂಗಸ್ರೆಲ್ಲ ನಿನ್ನಷ್ಟೇ ಇರ್ತಾರೆ ಬಿಡು ಅನ್ನೋರು. ಉದ್ದ ಇರೋರು ಬೈಯೋರು, ತಲೆಗೆ ಒಡೀತದೆ ಕಣಯ್ಯಾ ಅಂತ. ಇವ್ರು ಊಂ ಊಂ ಅನ್ನೋರು, ಮುಂದಿನ ಮನೇಲೂ ಅಂಗೇ ಮಾಡೋರು." ಹೇಳುತ್ತ ಮುನಿಕೆಂಪಮ್ಮ ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಮರದ ಧೂಳು ಕುಡಿದೂ ಕುಡಿದೂ ಚಿಕ್ಕಮಾರಯ್ಯನ ಪುಪ್ಪುಸ ಕೈಕೊಟ್ಟಿತು. ಕೊನೆಯ ಚಳಿಗಾಲ ಪೂರ್ತಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದರು. ಸ್ವಂತ ಮನೆಯ ಅಡುಗೆಕೋಣೆಗೆ ಅವರು ಒಂದು ಕಪಾಟೂ ಮಾಡಲಿಲ್ಲ, ಮುಂದಿನ ವರ್ಷ ಎನ್ನುತ್ತಲೇ ಹೋಗಿಬಿಟ್ಟರು. ಅಲ್ಲಿ ಇವತ್ತಿಗೂ ಸಿಮೆಂಟಿನ ಹಲಗೆಗಳೇ. ಹಾಗಾಗಿ ಮುನಿಕೆಂಪಮ್ಮನಿಗೆ ಗಂಡನ ಕೈ ಉಳಿದಿರುವುದು ಬೇರೆಯವರ ಮನೆಗಳಲ್ಲಿ. ಯಾವುದೋ ಅಡುಗೆಮನೆಯಲ್ಲಿ ಕೈ ಎತ್ತಿದರೆ ಹಿಡಿ ತಾನಾಗಿ ಅಂಗೈಗೆ ಬರುತ್ತದೆ, ಹಿಮ್ಮಡಿ ಎತ್ತುವಂತಿಲ್ಲ, ಸ್ಟೂಲು ಹತ್ತುವಂತಿಲ್ಲ. "ಆವಾಗ ಗೊತ್ತಾಯ್ತದೆ, ಓ ಇದು ನಮ್ಮನೆಯೋರು ಮಾಡಿದ್ದು ಅಂತ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದೊಂದೇ ಮನೆಯಲ್ಲಿ ಆ ತೇಗದ ಸಾಲು ಹೋಗಿ ಮಾಡ್ಯುಲರ್ ಕಿಚನ್ ಬರುತ್ತಿದೆ. ಕಳೆದ ಗೌರಿ ಹಬ್ಬದ ಮುಂಚೆ ಆರ್.ಟಿ. ನಗರದ ಮನೆಯೊಂದಕ್ಕೆ ಚೀಲ ಹಿಡಿದು ಹೋದರೆ, ತಾವೇ ವರ್ಷವರ್ಷ ಒರೆಸಿದ ಬಾಗಿಲುಗಳು ಗೇಟಿನ ಹೊರಗೆ ಮಳೆಯಲ್ಲಿ ನೆನೆಯುತ್ತಿದ್ದವು. ಅಲ್ಲೇ ನಿಂತು ಅತ್ತರಂತೆ, ಕೊಡೆ ಬಿಚ್ಚುವುದೂ ನೆನಪಾಗದೆ. ಅವರಿಗೆ ತಿಳಿದ ಮಟ್ಟಿಗೆ ಈಗ ಉಳಿದಿರುವುದು ಒಂದೇ, ಅಲ್ಲಾಳಸಂದ್ರದ ಕೆರೆ ಪಕ್ಕದ ಮನೆ. ಸ್ಟೂಲು ಬೇಡವಾದದ್ದು ಅಲ್ಲಿಗೆ.

ಆ ಮನೆಯಲ್ಲಿ ಸಂಹಿತಾ ಮತ್ತು ಗುರುಚರಣ್ ಎಂಬ ಗಂಡಹೆಂಡತಿ. ಇಬ್ಬರೂ ಆಫೀಸಿಗೆ ಹೋಗುವವರು, ಮನೆ ಕೊಂಡು ವರ್ಷ ತುಂಬಿಲ್ಲ. ಹಿಂದಿನವರು ಬಿಟ್ಟುಹೋದ ಕಪಾಟು ಜಿಡ್ಡಿನಿಂದ ಕರ್ರಗಾಗಿದೆ. ಸಂಹಿತಾ ಮೊದಲೇ ಹೇಳಿದ್ದಾರೆ: "ಟ್ರೈ ಮಾಡಿ ಅಮ್ಮ. ಮರ ಚೆನ್ನಾಗ್ ಕಂಡ್ರೆ ಇಟ್ಕೊಳ್ತೀವಿ. ಇಲ್ಲಾಂದ್ರೆ ಎಲ್ಲಾ ಕಿತ್ತಾಕಿಸಿ ಹೊಸದು ಮಾಡ್ಸ್‌ಬಿಡ್ತೀವಿ." ಇದನ್ನು ಮಾಡಿದ್ದು ತಮ್ಮ ಗಂಡ ಎಂದು ಮುನಿಕೆಂಪಮ್ಮ ಬಾಯಿ ಬಿಟ್ಟಿಲ್ಲ. ಕೇಳಿದರೆ ಹೇಳುತ್ತಾರೆ, "ಏಳಿದ್ರೆ ಅವ್ರು ಮರ ನೋಡಾಕಿಲ್ಲ, ನನ್ನ ಮುಖ ನೋಡ್ತಾರೆ. ಅಂಗೆ ಉಳಿಯೋದು ಬ್ಯಾಡ."

ಇದು ಅಲ್ಲಿ ಮೂರನೆಯ ಬೆಳಗು. ಒಲೆಯ ನೆತ್ತಿಯ ಮೇಲಿನ ಬಾಗಿಲೊಂದೇ ಬಾಕಿ, ಎಲ್ಲಕ್ಕಿಂತ ಹಟಮಾರಿ. ಮುನಿಕೆಂಪಮ್ಮ ಎರಡೂ ಪಾದ ನೆಲಕ್ಕೂರಿ ನಿಂತು ಕೈ ಎತ್ತುತ್ತಾರೆ. ಹಿಡಿ ಅಂಗೈಯಲ್ಲಿ ಕೂರುತ್ತದೆ. ಎಣ್ಣೆ ಸವರಿ, ಕಾದು, ಹಿಟ್ಟು ಹಚ್ಚಿ ಬಟ್ಟೆ ಎಳೆದರೆ ಕಪ್ಪಿನಡಿಯಿಂದ ತೇಗದ ಕೆಂಚುಬಣ್ಣ ಮೆಲ್ಲಗೆ ಏಳುತ್ತದೆ. ಎಲ್ಲೂ ಗೀರಿಲ್ಲ, ಪಾಲಿಶ್ ಹಾಗೇ ಇದೆ. "ಒಂದ್ ಸ್ಕ್ರೂನೂ ಅಲ್ಲಾಡಿಲ್ಲ ನೋಡಿ" ಎಂದು ಅವರು ಪಿಸುಗುಡುತ್ತಾರೆ. ಮಾತು ಯಾರಿಗೆ ಹೇಳಿದ್ದೋ ಗೊತ್ತಾಗುವುದಿಲ್ಲ. ಕಣ್ಣು ತುಂಬಿ ಬಂದದ್ದು ಮಾತ್ರ ಗೊತ್ತಾಗುತ್ತದೆ.

ಕಾಫಿ ಲೋಟ ಹಿಡಿದು ಬಂದ ಸಂಹಿತಾ ಹೊಸಿಲಲ್ಲೇ ನಿಲ್ಲುತ್ತಾರೆ. "ಗುರು, ಬಾ ಇಲ್ಲಿ. ನೋಡು ಇದನ್ನ" ಎಂದು ಗಂಡನನ್ನು ಕರೆಯುತ್ತಾರೆ. ಒಂದೊಂದೇ ಬಾಗಿಲನ್ನು ಸವರಿ ನೋಡುತ್ತಾರೆ. ಆ ಮೆಚ್ಚಿಗೆಯಲ್ಲಿ ಕಪಟವಿಲ್ಲ.

"ಇಷ್ಟ್ ಬ್ಯೂಟಿಫುಲ್ ಆಗಿದೆ ಅಂತ ಗೊತ್ತೇ ಇರ್ಲಿಲ್ಲ ಅಮ್ಮ. ಕಿತ್ಸಲ್ಲ, ಡಿಸೈಡ್ ಆಯ್ತು. ಒಂದಡಿ ಮೇಲಕ್ಕೆ ಎತ್ತಿ ಫಿಟ್ ಮಾಡಿಸ್ತೀವಿ, ಅಷ್ಟೇ. ನೋಡಿ ನನ್ ಹಣೆ."

ಹಣೆಯ ಮೇಲೆ ನಿಜಕ್ಕೂ ಒಂದು ಕಂದು ಗುರುತಿದೆ. ಸಂಹಿತಾ ಎತ್ತರದ ಹೆಣ್ಣುಮಗಳು. ಆಕೆಯದು ನ್ಯಾಯವಾದ ಮಾತು, ಚಿಕ್ಕಮಾರಯ್ಯನ ಮುಖಕ್ಕೇ ಹಿಂದೆ ಎಷ್ಟೋ ಜನ ಹೇಳಿದ ಮಾತು. ಮುನಿಕೆಂಪಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ.

"ಒಳ್ಳೇದಾಯ್ತು ಬಿಡವ್ವ. ಮರ ಉಳ್ಕೊಂತಲ್ಲ" ಎನ್ನುತ್ತಾರೆ ಕೊನೆಗೆ.

ಕಾಫಿ ಕುಡಿದು ಲೋಟ ತೊಳೆದಿಡುತ್ತಾರೆ. ಸೀಸೆ, ಡಬ್ಬಿ, ಬಟ್ಟೆ ಚೀಲ ಸೇರುತ್ತವೆ. ಆಮೇಲೂ ಒಲೆಯ ಮೇಲಿನ ಬಾಗಿಲಿನ ಹತ್ತಿರ ಹೋಗಿ, ಒರೆಸಲು ಏನೂ ಉಳಿದಿಲ್ಲದಿದ್ದರೂ ಸೆರಗಿನ ತುದಿಯಿಂದ ಹಿಡಿಯನ್ನೊಮ್ಮೆ ಒರೆಸುತ್ತಾರೆ. ಗೇಟಿನವರೆಗೆ ಬಿಡಲು ಸಂಹಿತಾ ಬಂದಾಗ ತಿರುಗಿ ನಿಲ್ಲುತ್ತಾರೆ.

"ಬಡಗಿ ಬರೋಕೆ ಒಂದಿನ ಮುಂಚೆ ನಂಗೊಂದು ಫೋನ್ ಮಾಡವ್ವ."

"ಯಾಕಮ್ಮ, ಅಷ್ಟರಲ್ಲೇ ಮತ್ತೆ ಜಿಡ್ಡಾಗುತ್ತಾ?"

"ಆಗಾಕಿಲ್ಲ. ಸುಮ್ನೆ, ನೆಲದ ಮೇಲೆ ನಿಂತ್ಕೊಂಡು ಇನ್ನೊಂದ್ಸಲ ಒರೆಸ್ಬಿಟ್ಟು ಓಗ್ತೀನಿ. ಆಮ್ಯಾಕೆ ಸ್ಟೂಲು ಇದ್ದೇ ಅದೆ."