ಒಳ್ಳೆಯವರ ರಾಗಿ ಹೊಲ

ಪಂಚಾಯಿತಿ ಚುನಾವಣೆಗೆ ನಿಂತಿದ್ದ ನಮ್ಮೂರ ಜಮೀನ್ದಾರರು ಜೀಪಿನ ಮೇಲೆ ಹತ್ತಿ, ತೆನೆ ತುಂಬಿದ ತಮ್ಮ ರಾಗಿ ಹೊಲದತ್ತ ಕೈ ತೋರಿಸಿದರು. “ನೋಡ್ರಪ್ಪಾ, ನ್ಯಾಯವಾಗಿ ಬದುಕಿದೋನ ಹೊಲ ಇಂಗಿರ್ತೈತೆ. ಸಾಮಿಗೇನು ಕಣ್ಣಿಲ್ವಾ, ಕುಲ್ಡನಾ? ವೋಟು ಯಾರಿಗೆ ಆಕ್ಬೇಕೋ ನೀವೇ ಯೋಳಿ.”

ಜನ ಚಪ್ಪಾಳೆ ತಟ್ಟಿದರು. ಎಪ್ಪತ್ತರ ದಶಕದ ಮೊದಲಲ್ಲಿ, ಕೊಳತ್ತೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ನಡೆದದ್ದಿದು. ನನಗೆ ಮೈ ಉರಿದುಹೋಯಿತು. ಆ ಹೊಲ ಊರವರ ಕುರಿ ಮೇಯುತ್ತಿದ್ದ ಪುರಂಬೋಕು, ಯಾರ ಹೆಸರಿಗೂ ಇಲ್ಲದ ಸರ್ಕಾರಿ ನೆಲ; ಬೇಲಿ ಹಾಕಿ ಒಳಗೆ ಹಾಕಿಕೊಂಡವರು ಅವರೇ. ಆ ಕಲ್ಲುನೆಲದಲ್ಲಿ ರಾಗಿ ಬೆಳೆದದ್ದು, ಬೇಸಿಗೆಯಿಡೀ ನಮ್ಮ ಕುರಿಮಂದೆಯನ್ನು ಅಲ್ಲಿ ಕೂಡಿಸಿಕೊಂಡು ಗೊಬ್ಬರ ಮಾಡಿಸಿಕೊಂಡದ್ದರಿಂದ. ಮೇಯಿಸಲು ಅವರ ನೆಲ ಬಿಟ್ಟು ಬೇರೆ ಜಾಗವಿಲ್ಲದ ಅಪ್ಪ ಒಲ್ಲೆ ಎನ್ನುವಂತಿರಲಿಲ್ಲ.

ಪಕ್ಕದಲ್ಲೇ ನಿಂತಿದ್ದ ಅಪ್ಪನಿಗೆ, “ಅದು ಅವರ ನ್ಯಾಯ ಅಲ್ಲ, ನಮ್ ಕುರಿ ಇಕ್ಕೆ ಗೊಬ್ಬರ ಅಂತ ಯೋಳಪ್ಪಾ” ಎಂದೆ.

ಅಪ್ಪ ಹೆಗಲ ಕಂಬಳಿ ಸರಿಮಾಡಿಕೊಂಡ. ನನ್ನ ಮುಖ ನೋಡಲಿಲ್ಲ. “ಸುಮ್ಕಿರವ್ವಾ. ಪುಣ್ಯ ಇಲ್ದೆ ಸಾಮಿ ಕೊಡ್ತಾನಾ? ನಾವೇ ಏನೋ ಪಾಪ ಮಾಡಿರ್ಬೇಕು.”

ಜಮೀನ್ದಾರರೇ ಗೆದ್ದರು. ಬೇಲಿ ಇನ್ನೂ ನಾಲ್ಕು ಮಾರು ಮುಂದಕ್ಕೆ ಬಂತು. ಅಂಥ ಭಾಷಣಗಳನ್ನು ಆಮೇಲೂ ಬೇಕಾದಷ್ಟು ಕೇಳಿದ್ದೇನೆ, ಮರೆತೂ ಇದ್ದೇನೆ. ಅಪ್ಪನ ಮಾತು ಮಾತ್ರ ಮರೆಯಲಾಗಲಿಲ್ಲ. ದಾರಿ ತಪ್ಪಿ ನಮ್ಮ ಮಂದೆಗೆ ಸೇರಿದ್ದ ಯಾರದೋ ಕುರಿಮರಿಯನ್ನು ಹೆಗಲ ಮೇಲೆ ಹೊತ್ತು, ಮೂರು ಹಳ್ಳಿ ನಡೆದು ಒಪ್ಪಿಸಿ ಬಂದಿದ್ದ ನನ್ನಪ್ಪ, ತಾನು ಪಾಪಿ ಎಂದುಕೊಂಡೇ ಸತ್ತ.