ಕಾಕಾ ಮುಚ್ಚದ ಪೆಟ್ಟಿಗೆಗಳು

ಕಾಕಾ ಅವರ ಬಲಗೈ ಹೆಬ್ಬೆರಳು, ತೋರುಬೆರಳುಗಳ ತುದಿ ಗಟ್ಟಿಯಾಗಿ, ಹಿತ್ತಾಳೆಯ ಕಪ್ಪು ಹಿಡಿದಿತ್ತು. ದಿನಕ್ಕೆ ನೂರಾರು ಸಲ ವೈರ್‌ಲೆಸ್ ಸೆಟ್ಟಿಗೆ ಕೇಬಲ್ಲಿನ ಹಿತ್ತಾಳೆ ತಿರುಪು ಬಿಗಿದು, ಮೀಟರ್ ನೋಡಿ, ಮತ್ತೆ ಬಿಚ್ಚುವ ಕೈ ಅದು. ಕೊಪ್ಪಳದ ಹೊರಗೆ ಸೈನ್ಯಕ್ಕೆ ಸೆಟ್ಟು ಮಾಡುತ್ತಿದ್ದ ನಮ್ಮ ಕಾರ್ಖಾನೆಯಲ್ಲಿ ಟೆಸ್ಟಿಂಗ್ ಬೆಂಚಿನ ಹಿರಿಯರು. ಊರು ಹನುಮಸಾಗರ. ಗಂಗಾವತಿಯಿಂದ ಡಿಪ್ಲೊಮಾ ಮುಗಿಸಿ ಬಂದ ನನಗೆ ಅವರು ಕಾಕಾ, ಅವರಿಗೆ ನಾನು ಯವ್ವಾ.

ಸೆಟ್ಟು ಚಾಲೂ ಮಾಡಿದ ಕೂಡಲೇ ಕಾಕಾ ಮೀಟರ್ ನೋಡುತ್ತಿರಲಿಲ್ಲ. ಅರ್ಧ ಗಂಟೆ ಬಿಟ್ಟು, ಮೈ ಮುಟ್ಟಿ ನೋಡಿ, ಆಮೇಲೆ ಅಂಕಿ ಬರೆಯುತ್ತಿದ್ದರು. “ತಣ್ಣಗಿದ್ದಾಗ ಎಲ್ಲಾ ಸೆಟ್ಟೂ ಶಾಣ್ಯಾ ಇರ್ತಾವ ಯವ್ವಾ. ಬಿಸಿ ಆದಮ್ಯಾಲ ಗುಣ ಗೊತ್ತಾಕ್ಕೈತಿ.” ಬಿಸಿಯಾದ ಮೇಲೆ ಕೆಲವುಗಳ ಶಕ್ತಿ ಅರ್ಧಕ್ಕೆ ಇಳಿಯುತ್ತಿತ್ತು. ಆಗ ದನಿ ದೂರ ಹೋಗುವುದಿಲ್ಲ.

ಒಮ್ಮೆ ನಾನು ಸೋಮಾರಿತನದಿಂದ ಹತ್ತು ಸೆಟ್ಟಿಗೂ ಒಂದೇ ಅಂಕಿ ಬರೆದೆ. ಕಾಕಾ ಹಾಳೆ ನೋಡಿದವರೇ ನಕ್ಕರು. “ಒಂದ ಮನಿ ಮಕ್ಕಳಿಗೂ ಒಂದ ಎತ್ತರ ಇರಂಗಿಲ್ಲ. ಇವಕ್ಕ ಹ್ಯಾಂಗ ಬಂತು?” ಹಾಳೆ ಹರಿದು, ಹತ್ತನ್ನೂ ಮತ್ತೆ ಟೆಸ್ಟಿಗೆ ಹಚ್ಚಿಸಿದರು. ಯಾರಿಗೂ ಹೇಳಲಿಲ್ಲ.

ಒಂದು ಮಾರ್ಚ್ ಕೊನೆಗೆ ಕಾರ್ಖಾನೆಯ ಮ್ಯಾನೇಜರ್ ಸಾಹೇಬರು ಬೆಂಚಿಗೇ ಬಂದರು. “ಬಿಸಿ ಟೆಸ್ಟ್ ಬಿಡ್ರಿ. ಹೋದ ತಿಂಗಳ ಅಂಕಿ ನೋಡ್ಕೊಂಡು ಬರೀರಿ. ನಾಳೆ ಲಾರಿ ಹೋಗಬೇಕು.”

ಕಾಕಾ ಪೆನ್ನು ಕೆಳಗಿಟ್ಟರು. “ಗಡಿಯೊಳಗ ನಿಂತಾವಗ, ಸೆಟ್ಟು ತಣ್ಣಗಿದ್ದಾಗಷ್ಟ ಮಾತಾಡಪಾ ಅಂತ ಹೇಳಿ ಕಳಸ್ತೀರೇನ್ರಿ, ಸಾಹೇಬ್ರ?”

ಮರುದಿನವೇ ಅವರನ್ನು ಪ್ಯಾಕಿಂಗಿಗೆ ಹಾಕಿದರು. ಇಪ್ಪತ್ತು ವರ್ಷ ಮೀಟರ್ ನೋಡಿದವರಿಗೆ ಪೆಟ್ಟಿಗೆಗೆ ಥರ್ಮಾಕೋಲ್ ತುಂಬುವ ಕೆಲಸ! ಹೋದ ತಿಂಗಳ ಅಂಕಿ ತುಂಬಿದ ಹಾಳೆಗಳು ಸಹಿಗೆ ನನ್ನ ಮುಂದೆ ಬಂದವು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಣ್ಣು ಮುಚ್ಚಿ ಸಹಿ ಮಾಡಿದೆ.

ಸೆಟ್ಟುಗಳು ಪ್ಯಾಕಿಂಗಿಗೆ ಹೋದವು. ಕಾಕಾ ಸಹಿ ನೋಡಿ ನನ್ನನ್ನು ಕರೆದರು. “ಬಿಸಿ ಮಾಡಿ ನೋಡೀ ಏನು?” ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ, ಹಾಳೆಗಳನ್ನು ನನ್ನ ಕೈಗೆ ತುರುಕಿದರು. “ಪೆಟಗಿ ಇನ್ನೂ ಮುಚ್ಚಿಲ್ಲ. ಹೋಗು.”

ಒಂದೊಂದನ್ನೂ ಬಿಸಿ ಮಾಡಿ ಅಳೆದೆ. ಏಳು ಸೆಟ್ಟು ಕೈಕೊಟ್ಟವು. ಲಾರಿ ಒಂದು ದಿನ ತಡವಾಯಿತು, ಸಾಹೇಬರು ಹಾರಾಡಿದರು. ಆದರೆ ಸೈನ್ಯದ ತಪಾಸಣೆಯವರು ಬಂದು, ಉಳಿದ ಸೆಟ್ಟುಗಳನ್ನು ತಾಸುಗಟ್ಟಲೆ ಓಡಿಸಿ ಒಪ್ಪಿಕೊಂಡಾಗ, ಅದೇ ಸಾಹೇಬರು ಎಲ್ಲರೆದುರು ನನಗೆ ಶಭಾಷ್ ಎಂದರು. ನಾನು ಕಾಕಾರ ಹೆಸರು ಎತ್ತದೆ, ನಾಚಿಕೆಯಿಲ್ಲದೆ ಅದನ್ನು ತೆಗೆದುಕೊಂಡೆ. ಕಾಕಾ ನಿವೃತ್ತಿಯವರೆಗೂ ಪೆಟ್ಟಿಗೆ ಕಟ್ಟಿದರು.

ಹೋದ ವರ್ಷ ಅವರು ತೀರಿಕೊಂಡರು. ಕ್ಯಾಂಟೀನಿನಲ್ಲಿ ಫೋಟೋಕ್ಕೆ ಹಾರ ಹಾಕಿ ಸಾಹೇಬರು ಭಾಷಣ ಬಿಗಿದರು: “ಅವರ ಬೆಂಚಿನಿಂದ ಕೆಟ್ಟ ಸೆಟ್ಟು ಒಂದೂ ಹೋಗಲಿಲ್ಲ.” ನನ್ನ ಮೈಯೆಲ್ಲ ಉರಿಯಿತು. ಎದ್ದು ನಿಂತೆ.

“ಆ ಬೆಂಚಿನಿಂದ ಅವರನ್ನ ಎಬ್ಬಿಸಿದವರು ನೀವ ಅಲ್ಲೇನ್ರಿ? ಅವರ ಶಭಾಷ್‌ಗಿರಿ ತಗೊಂಡಾಕಿ ನಾನು. ಅದನ್ನೂ ಹೇಳ್ರಿ.”

ಇಷ್ಟು ಹೇಳಲು ನನಗೆ ಹನ್ನೆರಡು ವರ್ಷ ಹಿಡಿಯಿತು, ಕೇಳಬೇಕಾದವರು ಫೋಟೋದಲ್ಲಿದ್ದರು.