ದಿನೇಶಣ್ಣ ಹೇಳಿದ ಸದ್ದಿನ ಕಥೆ

ದಿನೇಶಣ್ಣ ಬಾಗಿಲು ತಟ್ಟಿದವರಲ್ಲ. "ಎಂಥ ಮಾರಾಯ, ಮಾತಾಡಿತಾ ನಿನ್ನ ಪೆಟ್ಟಿಗೆ?" ಎಂದು ಮೆಟ್ಟಿಲಿನಿಂದಲೇ ಕೂಗುತ್ತ ಬರುತ್ತಿದ್ದರು. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಸೊಸೈಟಿ ಕಟ್ಟಡದಲ್ಲಿ ಅವರ ಮನೆ ನಮ್ಮ ಮನೆಯ ಮೇಲೆ. ಊರು ಉಡುಪಿ ಕಡೆ. ಹತ್ತಿರದ ಥಾಣೆ ಪಟ್ಟಣದ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದರು. ವಿಂಡೋಸ್ ಬದಲಿಗೆ ಬಿಟ್ಟಿಯಾಗಿ ಸಿಗುವ ಲಿನಕ್ಸ್ ಎಂದರೆ ಅವರಿಗೆ ವ್ರತವಿದ್ದ ಹಾಗೆ. "ಇದು ಯಾರ ಅಪ್ಪನ ಸ್ವತ್ತೂ ಅಲ್ಲ. ಮಾಡಿದವರ ಹೆಸರೆಲ್ಲ ಇದರೊಳಗೇ ಉಂಟು" ಎನ್ನುವರು.

ಕಾಲೇಜು ಮುಗಿಯುವಷ್ಟರಲ್ಲಿ ನನ್ನ ಕಣ್ಣು ಪೂರ್ತಿ ಹೋಗಿತ್ತು. ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಲಿನಕ್ಸಿನಲ್ಲಿದೆ ಎಂದು ನನ್ನ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟವರು ಅವರೇ. ಆದರೆ ಸ್ಪೀಕರ್ ಮೂಕ. ಸದ್ದಿಲ್ಲದ ಕಂಪ್ಯೂಟರ್ ನನ್ನ ಪಾಲಿಗೆ ಬಿಸಿಯಾಗುವ ಡಬ್ಬ, ಅಷ್ಟೆ.

ಭಾನುವಾರಗಳಲ್ಲಿ ಇಬ್ಬರೂ ಅದರ ಮುಂದೆ ಕೂರುತ್ತಿದ್ದೆವು. ಅವರು ಪರದೆ ಓದುವರು, ಟೈಪ್ ಮಾಡುವರು, ನಡುನಡುವೆ "ಅರೇ ಬಾಬಾ, ಬೋಲ್ ನಾ!" ಎಂದು ಗದರುವರು. ಒಂದು ದಿನ ಸ್ಪೀಕರಿಗೆ ಕಿವಿ ಒತ್ತಿ ಕುಳಿತಿದ್ದ ನನಗೆ 'ಟಕ್' ಎಂದು ಸಣ್ಣದಾಗಿ ಕೇಳಿಸಿತು.

"ದಿನೇಶಣ್ಣ, ಸೌಂಡ್ ಕಾರ್ಡ್ ಸತ್ತಿಲ್ಲ. ಲಿನಕ್ಸ್ ಅದನ್ನ ಬೇರೆ ಯಾವುದೋ ಮಾಡೆಲ್ ಅಂತ ತಿಳ್ಕೊಂಡಿದೆ. ಒಂದೊಂದೇ ಮಾಡೆಲ್ ಹೆಸರು ಹಾಕಿ ನೋಡೋಣ."

"ಸುಮ್ನೆ ಟೈಮ್ ವೇಸ್ಟ್" ಎನ್ನುತ್ತಲೇ ಹಾಕಿದರು. ಅಮ್ಮ ಸಂಜೆಯ ಚಹಾಕ್ಕಿಡುವ ಹೊತ್ತಿಗೆ ಸ್ಪೀಕರ್ ಒಡಕು ಇಂಗ್ಲಿಷಿನಲ್ಲಿ ಮಾತಾಡಿತು. ದಿನೇಶಣ್ಣ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟರು. ಆ ಅಳು ಸುಳ್ಳಲ್ಲವೆಂದು ಇವತ್ತಿಗೂ ನಂಬಿದ್ದೇನೆ.

ಮುಂದೆ ಥಾಣೆಯಲ್ಲಿ ಲಿನಕ್ಸ್ ಬಳಗದವರ ಸಭೆ. ನನ್ನನ್ನು ಕೈಹಿಡಿದು ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದರು. ಮೈಕಿನಲ್ಲಿ ಅವರು ಹೇಳಿದ ಕಥೆಯಲ್ಲಿ 'ಟಕ್' ಕೇಳಿಸಿದ್ದು ಅವರಿಗೆ. ಮಾಡೆಲ್ ವಿಚಾರ ಹೊಳೆದದ್ದೂ ಅವರಿಗೆ. ಕೊನೆಗೆ "ಯೇ ಬೇಚಾರಾ ದೇಖ್ ನಹೀ ಸಕತಾ" —ಪಾಪ, ಇವನಿಗೆ ಕಣ್ಣು ಕಾಣಿಸದು—ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಚಪ್ಪಾಳೆ ಬಿತ್ತು. ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತೆ.

ಹಿಂದಿರುಗುವ ಲೋಕಲ್‌ನಲ್ಲಿ ಕೇಳಿದೆ: "ನಾನು ಮಾಡಿದ್ದು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕಥೆ ಉದ್ದ ಆಗ್ತದೆ ಮಾರಾಯ. ನೀನು ಕಣ್ಣಿಲ್ಲದವ, ನಾನು ಸಹಾಯ ಮಾಡಿದವ. ಜನಕ್ಕೆ ಅಷ್ಟು ಸಾಕು."

ಕಳವಾ ಸ್ಟೇಷನ್ ಹೋಯಿತು, ದಿವಾ ಹೋಯಿತು.

ಆ ಕಥೆಯನ್ನೇ ಹೇಳಿ ನವಿ ಮುಂಬೈಯ ಕಂಪನಿಯೊಂದರಲ್ಲಿ ತಾವು ಕೆಲಸ ಗಿಟ್ಟಿಸಿಕೊಂಡದ್ದನ್ನು ಅವರೇ ಖುಷಿಯಿಂದ ತಿಳಿಸಿದರು. ಮನೆ ಖಾಲಿ ಮಾಡುವ ದಿನ ಬಂದು ನನ್ನ ಭುಜ ತಟ್ಟಿದರು. "ಸದ್ದು ಹೋದ್ರೆ ಫೋನ್ ಮಾಡು, ಓಡಿ ಬರ್ತೇನೆ." ತಾವು ನನಗೆ ಮಾಡಿದ್ದು ಏನೆಂದು ಅವರಿಗೆ ಗೊತ್ತೇ ಇರಲಿಲ್ಲ. ನನ್ನನ್ನು ಹೆಚ್ಚು ಸುಟ್ಟದ್ದು ಅದೇ.

ಹೊಸ ಅಪ್‌ಡೇಟ್ ಹಾಕಿದಾಗ ಸದ್ದು ಮತ್ತೆ ಹೋಯಿತು. ಈಗ ಪರದೆ ಓದಲು ಬೇರೆಯವರ ಕಣ್ಣು ಬೇಕು. ಸ್ಟೇಷನ್ ಬೋರ್ಡು ಓದುವಷ್ಟು ಇಂಗ್ಲಿಷ್ ಬಲ್ಲ ಅಮ್ಮ ಪಕ್ಕದಲ್ಲಿ ಕುಳಿತು ಒಂದೊಂದೇ ಅಕ್ಷರ ಹೇಳತೊಡಗಿದಳು. ಅರ್ಧ ಸಾಲಿಗೇ ಸೋತುಹೋದಳು.

"ದಿನೇಶನಿಗೊಂದು ಫೋನ್ ಮಾಡ್ಲಾ ಮಗಾ?"

"ಬೇಡಮ್ಮಾ. 'ಎನ್' ಆದ ಮೇಲೆ ಏನಿದೆ, ಹೇಳು."